ಕೂಗುವ ನೋವೂ ಮೌನವಾದ ಅಪಾಯವೂ

ಮುಳ್ಳು ಚುಚ್ಚಿದರೆ ಕಾಲು ನೋಯುತ್ತದೆ. ಕೆಂಡ ತಗಲಿದರೆ ಕೈ ಸುಡುತ್ತದೆ. ನೋವು ಇದ್ದಲ್ಲಿ ಕೇಡು ಉಂಟು, ನೋವಿಲ್ಲದಲ್ಲಿ ಕ್ಷೇಮವುಂಟು ಎಂಬದು ನಾವು ಚಿಕ್ಕಂದಿನಿಂದ ಕಲಿತ ಪಾಠವಾಗಿದೆ. ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಈ ಪಾಠವು ಬಹುಮಟ್ಟಿಗೆ ನಿಜವಾದದ್ದೇ. ಆದರೆ ಅದು ಎಲ್ಲಾ ಕಾಲದಲ್ಲಿಯೂ ಎಲ್ಲಾ ವ್ಯಾಧಿಗಳಲ್ಲಿಯೂ ನಿಜವೋ? ನಿಜವಲ್ಲದಿದ್ದರೆ ನಾವು ನಮ್ಮ ಶರೀರದ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು? ಅದಕ್ಕಿಂತಲೂ ಮುಖ್ಯವಾಗಿ, ನೆರೆಯವನು ತನ್ನ ಶರೀರದ ವಿಷಯದಲ್ಲಿ ಹೇಳುವ ಮಾತನ್ನು ನಾವು ಹೇಗೆ ಕೇಳಬೇಕು? ಪ್ರಿಯ ವಾಚಕರೇ, ಈ ಪ್ರಶ್ನೆಗಳನ್ನು ಈ ಸಾರಿ ನಿಮ್ಮೊಂದಿಗೆ ಕೂಡಿ ವಿಚಾರಿಸಬೇಕೆಂದಿದ್ದೇವೆ.

ದೃಷ್ಟಾಂತಕ್ಕಾಗಿ ಒಬ್ಬ ಸ್ತ್ರೀಯನ್ನು ಭಾವಿಸೋಣ. ಆಕೆಗೆ ಸುಮಾರು ನಾಲ್ವತ್ತೈದು ವರುಷ. ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆಯಲ್ಲಿ ಹಿಂಡಿದಂತೆ ಆಗುತ್ತದೆ. ಎರಡು ಮೂರು ಸಾರಿ ಹೊರಗೆ ಹೋಗಿ ಬಂದ ಮೇಲೆ ಸ್ವಲ್ಪ ಹಗುರವಾಗುತ್ತದೆ. ಕೆಲವು ದಿನ ಹೀಗೆ ಸಡಿಲವಾಗುವದು, ಮತ್ತೆ ಕೆಲವು ದಿನ ಏನು ಮಾಡಿದರೂ ಆಗದೆ ಹೊಟ್ಟೆಯು ಉಬ್ಬುವದು. ಸಂತೆಗೆ ಬಸ್ಸು ಹತ್ತಲು ಆಕೆಗೆ ಭಯ; ಮದುವೆಯ ಊಟಕ್ಕೆ ಕೂತುಕೊಳ್ಳಲು ಭಯ; ಆರಾಧನೆಗೆ ಬಂದರೆ ಬಾಗಿಲ ಬಳಿಯಲ್ಲಿಯೇ ಕೂತುಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ರಕ್ತವನ್ನೂ ಮಲವನ್ನೂ ಪರೀಕ್ಷಿಸಿದರು, ಸ್ಕ್ಯಾನ್ ಮಾಡಿದರು, ಕೆಟ್ಟದ್ದೇನೂ ಕಾಣಲಿಲ್ಲ. ಮನೆಗೆ ಬಂದಾಗ ಅತ್ತೆಯು, "ಏನೂ ಇಲ್ಲವಂತ ಡಾಕ್ಟರೇ ಹೇಳಿದ ಮೇಲೆ ನಿನಗೆ ಬಂದದ್ದೇನು?" ಎಂದಳು. ಅಂದಿನಿಂದ ಆಕೆಯು ನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಳು.

ಒಂದು ದಿನ ಊರಿಗೆ ಬಂದ ನರ್ಸಮ್ಮನು ಎಲ್ಲರ ತೋಳಿಗೂ ಪಟ್ಟಿ ಕಟ್ಟಿ ನೋಡಿದಳು. "ಅಕ್ಕಾ, ನಿಮಗೆ ಬೀಪಿ ಬಹಳ ಉಂಟು, 168ಕ್ಕೆ 102. ನಾಳೆಯೇ ಆಸ್ಪತ್ರೆಗೆ ಬನ್ನಿ" ಎಂದಳು. ಅಕ್ಕನಿಗೆ ಆಶ್ಚರ್ಯವಾಯಿತು, ಯಾಕಂದರೆ ತಲೆನೋವಿಲ್ಲ, ಎದೆನೋವಿಲ್ಲ, ತಲೆಸುತ್ತು ಸಹ ಇಲ್ಲ. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಅಳೆದು ನೋಡಿ ಮಾತ್ರೆಯನ್ನು ಕೊಟ್ಟರು. ಒಂದು ತಿಂಗಳು ತೆಗೆದುಕೊಂಡಳು. ಆಮೇಲೆ ಒಂದು ವಾರ ಹೊಟ್ಟೆಯು ವಿಪರೀತವಾಗಿ ಕೆರಳಲಾಗಿ, ಇದು ಮಾತ್ರೆಯ ದೆಸೆಯಿಂದಲೇ ಎಂದು ನೆನಸಿ, ಯಾರನ್ನೂ ಕೇಳದೆ ಅದನ್ನು ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟಳು. ಯಾರೂ ಆಕೆಯನ್ನು ಗದರಿಸಲಿಲ್ಲ. ನೋವು ಕೊಡದ ರೋಗಕ್ಕೆ ನೋವು ಕೊಡುವ ಔಷಧವೇತಕ್ಕೆ ಎಂದು ನೆರೆಯವರೂ ಒಪ್ಪಿದರು.

ಇಂಥವರು ನಮ್ಮ ಸಭೆಗಳಲ್ಲಿ ಒಬ್ಬಿಬ್ಬರಲ್ಲ. ಈ ಸ್ತ್ರೀಯ ಶರೀರದೊಳಗೆ ಇಬ್ಬರು ಸಾಕ್ಷಿಗಳಿದ್ದಾರೆ. ಒಬ್ಬನು ಹಗಲಿರುಳು ಕೂಗುತ್ತಾನೆ, ಆದರೆ ಅವನಿಂದ ಪ್ರಾಣಕ್ಕೆ ಅಪಾಯವಿಲ್ಲ. ಇನ್ನೊಬ್ಬನು ಬಾಯಿ ತೆರೆಯುವದೇ ಇಲ್ಲ, ಆದರೆ ಅವನ ಕೈಯಲ್ಲಿ ಕತ್ತಿ ಉಂಟು. ಮನೆಯವರು ಮೊದಲನೆಯವನನ್ನು ಸುಳ್ಳುಗಾರನೆಂದರು. ಆಕೆಯು ಎರಡನೆಯವನನ್ನು ಇಲ್ಲವೇ ಇಲ್ಲವೆಂದು ಎಣಿಸಿದಳು. ಇಬ್ಬರ ವಿಷಯದಲ್ಲಿಯೂ ತಪ್ಪು ತೀರ್ಪಾಯಿತು.

ಮೊದಲು ಕೂಗುವ ಸಾಕ್ಷಿಯ ಮಾತನ್ನು ಕೇಳೋಣ. ಈ ವ್ಯಾಧಿಗೆ ವೈದ್ಯರು ಇರಿಟಬಲ್ ಬೌವೆಲ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ. ಕರುಳು ಕೆರಳುವ ರೋಗವೆಂದು ನಾವು ಹೇಳಬಹುದು. ಇದರಲ್ಲಿ ಕರುಳಿನ ಮೇಲೆ ಹುಣ್ಣಿಲ್ಲ, ಗಡ್ಡೆಯಿಲ್ಲ. ಇದು ಅರ್ಬುದರೋಗವಾಗಿ ತಿರುಗುವದೂ ಇಲ್ಲ. ಹಾಗಾದರೆ ನೋವು ಬರೀ ಕಲ್ಪನೆಯೋ? ಅಲ್ಲವೇ ಅಲ್ಲ. 1973ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕರುಳಿನ ಕೊನೆಯ ಭಾಗದೊಳಗೆ ಒಂದು ಚಿಕ್ಕ ಬುಗ್ಗೆಯನ್ನಿಟ್ಟು ಅದರಲ್ಲಿ 60 ಮಿಲಿಲೀಟರ್ ಗಾಳಿಯನ್ನು ತುಂಬಿದರು. ಈ ರೋಗವಿಲ್ಲದವರಲ್ಲಿ ನೂರಕ್ಕೆ 6 ಮಂದಿಗೆ ಮಾತ್ರ ನೋವಾಯಿತು; ರೋಗವಿದ್ದವರಲ್ಲಿ ನೂರಕ್ಕೆ 55 ಮಂದಿಗೆ ನೋವಾಯಿತು. ಗಾಳಿ ಒಂದೇ, ಅಳತೆ ಒಂದೇ. ಅದನ್ನು ತಿಳಿಯುವ ನರಗಳು ಮಾತ್ರ ಬೇರೆಯಾಗಿದ್ದವು. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚಾದ ನರಕಣಗಳುಂಟು. ಅವು ಮಿದುಳಿನೊಂದಿಗೆ ಎಡೆಬಿಡದೆ ಮಾತಾಡುತ್ತವೆ. ಆ ಮಾತು ಕೆಟ್ಟಾಗ, ಇತರರು ಗಮನಿಸದೆ ಹೋಗುವ ಚಲನೆಯೂ ಈ ರೋಗಿಗೆ ಹಿಂಡುವ ನೋವಾಗುತ್ತದೆ. ಸ್ಕ್ಯಾನ್ ಯಂತ್ರವು ಗೋಡೆಯನ್ನು ತೋರಿಸುವದು. ಗೋಡೆಯೊಳಗಿನ ಮಾತನ್ನು ತೋರಿಸಲಾರದು. ಆದಕಾರಣ "ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ" ಎಂಬದಕ್ಕೂ "ಏನೂ ಇಲ್ಲ" ಎಂಬದಕ್ಕೂ ಬಹಳ ಅಂತರವುಂಟು. ಮೊದಲನೆಯದು ವೈದ್ಯನ ಸತ್ಯ. ಎರಡನೆಯದು ನಾವು ಅದಕ್ಕೆ ಕೂಡಿಸುವ ಸುಳ್ಳು.

ಇನ್ನು ಮೌನವಾದ ಸಾಕ್ಷಿಯ ಸಂಗತಿ. ರಕ್ತಕ್ಕೆ ಒತ್ತಡವುಂಟೆಂದು ಅಳೆದು ತೋರಿಸಿದವರಲ್ಲಿ ಮೊದಲಿಗನು ಒಬ್ಬ ಸಭಾಪಾಲಕನೇ ಆಗಿದ್ದನು. ಇಂಗ್ಲೆಂಡಿನ ಟೆಡಿಂಗ್ಟನ್ ಊರಿನ ಬೋಧಕನಾಗಿದ್ದ ಸ್ಟೀಫನ್ ಹೇಲ್ಸನು ಒಂದು ಕುದುರೆಯ ರಕ್ತನಾಳಕ್ಕೆ ಉದ್ದವಾದ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು 8 ಅಡಿಗೂ ಮೇಲಕ್ಕೆ ಏರಿ ನಿಂತಿತು. ಇದನ್ನು 1733ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. 1896ರಲ್ಲಿ ಇಟಲಿಯ ರಿವಾ-ರೋಚಿ ಎಂಬ ವೈದ್ಯನು ತೋಳಿಗೆ ಕಟ್ಟುವ ಪಟ್ಟಿಯನ್ನೂ ಪಾದರಸದ ಕೊಳವೆಯನ್ನೂ ಉಪಯೋಗಕ್ಕೆ ತಂದನು. 1905ರಲ್ಲಿ ರಷ್ಯಾದ ಕೊರೊಟ್ಕೊವ್ ಎಂಬವನು ಪಟ್ಟಿಯ ಕೆಳಗೆ ಕೊಳವೆಯಿಟ್ಟು ನಾಳದ ಶಬ್ದವನ್ನು ಕೇಳುವ ಕ್ರಮವನ್ನು ತಿಳಿಸಿದನು. ನರ್ಸಮ್ಮನು ಅಕ್ಕನ ತೋಳಿಗೆ ಕಟ್ಟಿದ ಪಟ್ಟಿಯ ಹಿಂದೆ ಇಷ್ಟು ಮಂದಿಯ ಪ್ರಯಾಸವುಂಟು. ಶರೀರವು ತಾನಾಗಿ ಹೇಳದ ಮಾತನ್ನು ಈ ಪಟ್ಟಿಯು ಅದರ ಬಾಯಿಂದ ಹೇಳಿಸುತ್ತದೆ.

ಆ ಮಾತನ್ನು ಕೇಳದಿದ್ದರೆ ಏನಾಗುವದು? ಅಮೇರಿಕದ ಅಧ್ಯಕ್ಷನಾಗಿದ್ದ ಫ್ರಾಂಕ್ಲಿನ್ ರೂಸ್ವೆಲ್ಟನ ಒತ್ತಡವು 1944ರ ಮಾರ್ಚಿಯಲ್ಲಿ 186ಕ್ಕೆ 108 ಆಗಿತ್ತು. ಆದರೂ ಆತನ ಆರೋಗ್ಯವು ಚೆನ್ನಾಗಿದೆಯೆಂದೇ ಪ್ರಜೆಗಳಿಗೆ ತಿಳಿಸಲಾಗಿತ್ತು. 1945ರ ಏಪ್ರಿಲ್ 12ರಂದು ಚಿತ್ರಕ್ಕಾಗಿ ಕೂತಿದ್ದಾಗಲೇ ತಲೆಯ ಹಿಂಭಾಗದಲ್ಲಿ ಭಯಂಕರವಾದ ನೋವು ಬಂದು ಮಿದುಳಿನಲ್ಲಿ ರಕ್ತ ಸುರಿದು ಅದೇ ದಿನ ತೀರಿಹೋದನು. ಆಗ ಆತನ ವಯಸ್ಸು 63. ಮೌನವಾದ ಸಾಕ್ಷಿಯು ಗಟ್ಟಿಯಾಗಿ ಬಾಯಿ ತೆರೆದದ್ದು ಕೊನೆಯ ದಿನದಲ್ಲಿಯೇ. ಆದರೆ ಅಂದಿನ ವೈದ್ಯರ ಕೈಯಲ್ಲಿ ತಕ್ಕ ಔಷಧವು ಇರಲಿಲ್ಲವೆಂಬದನ್ನೂ ಹೇಳಬೇಕು. ನಮ್ಮ ಗಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ಒತ್ತಡವನ್ನು ಇಳಿಸುತ್ತದೆಂದು ಮುಂಬಯಿಯ ವೈದ್ಯ ರುಸ್ತಮ್ ಜಾಲ್ ವಕೀಲರು ಲೋಕದ ವೈದ್ಯರಿಗೆ ತಿಳಿಸಿದ್ದು 1949ರಲ್ಲಿ. ಆ ಬೇರಿನ ಸಾರವಾದ ರಿಸರ್ಪಿನನ್ನು ಬೇರ್ಪಡಿಸಿದ್ದು 1952ರಲ್ಲಿ. 1967ರಲ್ಲಿ ಅಮೇರಿಕದಲ್ಲಿ ಅತಿಯಾದ ಒತ್ತಡವುಳ್ಳ 143 ಮಂದಿ ಗಂಡಸರನ್ನು ಎರಡು ಪಾಲು ಮಾಡಿ ನೋಡಲಾಗಿ, ನಿಜವಾದ ಔಷಧ ತೆಗೆದುಕೊಂಡವರಿಗೆ ಬಂದ ಕೇಡು ಇತರರಿಗೆ ಬಂದದ್ದಕ್ಕಿಂತ ಎಷ್ಟೋ ಕಡಿಮೆಯೆಂದು ತಿಳಿಯಬಂತು. ರೂಸ್ವೆಲ್ಟನಿಗೆ ಸಿಕ್ಕದೆಹೋದದ್ದು ಈ ದಿನ ನಮ್ಮ ಹಳ್ಳಿಯ ಅಕ್ಕನ ಗೋಡೆಯ ಗೂಡಿನಲ್ಲಿ ಧೂಳು ಹಿಡಿಯುತ್ತಾ ಇದೆ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಬರುತ್ತದೆ. ರೋಗವು ಯಾರ ತಪ್ಪಿನಿಂದ ಬಂತು? ಹೊಟ್ಟೆಯ ರೋಗಿಗೆ "ನಿನ್ನ ಚಿಂತೆಯೇ ಕಾರಣ" ಎನ್ನುತ್ತೇವೆ. ಒತ್ತಡದ ರೋಗಿಗೆ "ನಿನ್ನ ಕೋಪವೇ ಕಾರಣ, ನಿನ್ನ ನಾಲಿಗೆಯ ಚಪಲವೇ ಕಾರಣ" ಎನ್ನುತ್ತೇವೆ. ಯೋಬನ ಸ್ನೇಹಿತರ ಮಾತು ಇಂದಿನ ವರೆಗೂ ನಮ್ಮ ಬಾಯಲ್ಲಿ ನಿಂತಿದೆ. ಇದಕ್ಕೆ ಉತ್ತರವಾಗಿ ಕೆನಡಾ ದೇಶದ ಒಂದು ಊರಿನ ಕಥೆಯನ್ನು ಕೇಳಿರಿ.

ಒಂಟಾರಿಯೋ ಪ್ರಾಂತದ ವಾಕರ್‌ಟನ್ ಎಂಬ ಊರಲ್ಲಿ ಸುಮಾರು ಐದು ಸಾವಿರ ಜನರಿದ್ದರು. 2000ದ ಮೇ ತಿಂಗಳಲ್ಲಿ ದೊಡ್ಡ ಮಳೆ ಸುರಿದು, ಹತ್ತಿರದ ಹೊಲಕ್ಕೆ ಹಾಕಿದ್ದ ಕೊಟ್ಟಿಗೆಗೊಬ್ಬರದ ರೋಗಾಣುಗಳು ಊರಿನ ಒಂದು ಬಾವಿಗೆ ಇಳಿದವು. ನೀರಿಗೆ ಕ್ಲೋರಿನ್ ಸರಿಯಾಗಿ ಬೆರಸುವದೂ, ಅದನ್ನು ದಿನಾಲು ಅಳೆಯುವದೂ ನೀರಿನ ಕೆಲಸದವರ ಕರ್ತವ್ಯವಾಗಿತ್ತು. ಅವರು ಅಳೆಯದೆಯೇ ಅಳೆದಂತೆ ಪುಸ್ತಕದಲ್ಲಿ ಬರೆದಿದ್ದರು. ಪರೀಕ್ಷೆಯಲ್ಲಿ ನೀರು ಕೆಟ್ಟಿದೆಯೆಂದು ತಿಳಿದ ಮೇಲೆಯೂ ಮುಚ್ಚಿಟ್ಟರು. ಮೇ 21ರಂದು ಆರೋಗ್ಯಾಧಿಕಾರಿಯು ನೀರು ಕಾಯಿಸಿ ಕುಡಿಯಬೇಕೆಂದು ಸಾರಿಸುವಷ್ಟರಲ್ಲಿ ಕಾಲ ಮಿಂಚಿತ್ತು. 2,300ಕ್ಕಿಂತ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಏಳು ಮಂದಿ ಸತ್ತರು. ವಿಚಾರಣೆ ಮಾಡಿದ ನ್ಯಾಯಾಧೀಶ ಡೆನ್ನಿಸ್ ಓಕಾನರನು 2002ರಲ್ಲಿ ಕೊಟ್ಟ ವರದಿಯಲ್ಲಿ, ಗೊಬ್ಬರ ಹಾಕಿದ ರೈತನು ನಿರ್ದೋಷಿಯೆಂದು ತೀರ್ಮಾನಿಸಿದನು. ಅವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದನು.

ವಾಚಕರೇ, ಕಥೆ ಇಲ್ಲಿಗೆ ಮುಗಿಯಲಿಲ್ಲ. ವೈದ್ಯರು ಆ ಊರಿನ ಜನರನ್ನು ವರುಷಗಟ್ಟಳೆ ಹಿಂಬಾಲಿಸಿ ನೋಡಿದರು. ಕಾಯಿಲೆ ಬೀಳದವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಕರುಳು ಕೆರಳುವ ರೋಗವಿದ್ದರೆ, ವೈದ್ಯಕೀಯ ಸಾಕ್ಷ್ಯದಿಂದ ಕಾಯಿಲೆ ಬಿದ್ದವರೆಂದು ತಿಳಿದವರಲ್ಲಿ ನೂರಕ್ಕೆ 36 ಮಂದಿಗೆ ಅದು ಇತ್ತೆಂದು 2006ರಲ್ಲಿ ಪ್ರಕಟಿಸಿದರು. ಆಗ ಕಾಯಿಲೆ ಬಿದ್ದವರಿಗೆ ಮುಂದೆ ರಕ್ತದೊತ್ತಡ ಬರುವ ಸಂಭವವೂ ಇತರರಿಗಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚೆಂದು 2010ರಲ್ಲಿ ತಿಳಿಸಿದರು. ನೋಡಿರಿ, ಕೂಗುವ ರೋಗವೂ ಮೌನವಾದ ರೋಗವೂ ಒಂದೇ ಬಾವಿಯಿಂದ ಬಂದವು. ಆ ಊರಿನ ತಾಯಿಯು ಹೊಟ್ಟೆ ಹಿಡಿದುಕೊಂಡು ಬಾಗಿಲ ಬಳಿ ಕೂತಿದ್ದರೆ, "ಇದು ನಿನ್ನ ಮನಸ್ಸಿನ ದೋಷ" ಎಂದು ಹೇಳುವದು ನ್ಯಾಯವೋ? ಆಕೆಯು ಮಾಡಿದ್ದು ಬಾಯಾರಿ ಒಂದು ಲೋಟ ನೀರು ಕುಡಿದದ್ದು ಮಾತ್ರ. ದೋಷವಿದ್ದದ್ದು ಅಳೆಯದೆ ಬರೆದವರ ಕೈಯಲ್ಲಿ.

ಹಾಗೆಂದು ಎಲ್ಲಾ ರೋಗಗಳೂ ಇತರರ ತಪ್ಪಿನಿಂದಲೇ ಬರುತ್ತವೆಂದು ನಾವು ಹೇಳುವದಿಲ್ಲ. ನಾವು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ಲೋಕದ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅದು ಒಂದು ಚಿಕ್ಕ ಚಮಚೆಯಷ್ಟೂ ಅಲ್ಲ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಇವುಗಳಿಂದಲೇ ನಮ್ಮಲ್ಲಿ ಅನೇಕರು ಅದನ್ನು ಮೀರುತ್ತೇವೆ. ತಂಬಾಕೂ ಮದ್ಯವೂ ಮಾಡುವ ಕೇಡು ಎಲ್ಲರಿಗೂ ಗೊತ್ತು. ಆದರೆ ಮಿತವಾಗಿ ಉಣ್ಣುವವರಿಗೂ, ಸಾಧುಸ್ವಭಾವದವರಿಗೂ ತಂದೆತಾಯಿಗಳ ರಕ್ತದಿಂದಲೋ ವಯಸ್ಸಿನಿಂದಲೋ ಒತ್ತಡವು ಬರುತ್ತದೆ. ರೋಗಕ್ಕೆ ಕಾರಣವನ್ನು ಹುಡುಕುವದು ಬೇರೆ, ರೋಗಿಯಲ್ಲಿ ದೋಷವನ್ನು ಹುಡುಕುವದು ಬೇರೆ. ಮೊದಲನೆಯದರಿಂದ ಗುಣವಾಗುವದಕ್ಕೆ ದಾರಿಯುಂಟು. ಎರಡನೆಯದರಿಂದ ರೋಗಿಯು ತನ್ನ ರೋಗವನ್ನು ಮುಚ್ಚಿಡಲು ಕಲಿಯುತ್ತಾನೆ.

ಆದರೂ ಮನಸ್ಸಿಗೂ ಕರುಳಿಗೂ ಸಂಬಂಧವಿಲ್ಲವೋ ಎಂದು ಯಾರಾದರೂ ಕೇಳಬಹುದು. ಸಂಬಂಧವುಂಟು, ಆದರೆ ಅದರಿಂದ ನಾವು ಕಲಿಯಬೇಕಾದ ಬುದ್ಧಿಯು ರೋಗಿಗೆ ಮಾತ್ರವಲ್ಲ, ರೋಗಿಯ ಸಂಗಡ ಮಾತಾಡುವವರಿಗೂ ಸೇರಿದ್ದು. ಇದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುತ್ತೇವೆ.

1940ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯನಾದ ಥಾಮಸ್ ಆಲ್ಮಿಯು ತಾನಾಗಿ ಮುಂದೆ ಬಂದ ಒಬ್ಬ ವಿದ್ಯಾರ್ಥಿಯ ಕರುಳನ್ನು ಕೊಳವೆಯಿಂದ ನೋಡುತ್ತಿದ್ದನು. ನೋಡುತ್ತಿರುವಾಗಲೇ ಅವನಿಗೆ ಕ್ಯಾನ್ಸರ್ ಇದೆಯೆಂದು ನಂಬುವಂತೆ ಮಾಡಿದರು. ಕೂಡಲೇ ಆ ಯುವಕನ ಕರುಳು ಕೆಂಪಾಗಿ ಬಿಗಿಯಾಗಿ ಹಿಂಡಿಕೊಂಡಿತು. ಅದು ಸುಳ್ಳೆಂದು ತಿಳಿಸಿದ ಮೇಲೆ ಮತ್ತೆ ಸಡಿಲಿತು. ಒಂದು ಸುಳ್ಳು ಮಾತು ಮನುಷ್ಯನ ಒಳಗೆ ಹೊಕ್ಕು ಮಾಡಿದ್ದನ್ನು ವೈದ್ಯನು ಕಣ್ಣಾರೆ ಕಂಡನು. ವಿದ್ಯೆಗಾಗಿ ಮಾಡಿದ್ದಾದರೂ ಮನುಷ್ಯನನ್ನು ಹಾಗೆ ಭಯಪಡಿಸುವದು ಧರ್ಮವಲ್ಲವೆಂದೇ ನಮ್ಮ ಅಭಿಪ್ರಾಯ.

2010ರಲ್ಲಿ ಅಮೇರಿಕದ ಹಾರ್ವರ್ಡ್ ವಿದ್ಯಾಪೀಠದ ಟೆಡ್ ಕಾಪ್ಚಕ್ ಎಂಬವನೂ ಅವನ ಸಂಗಡಿಗರೂ ಈ ರೋಗವುಳ್ಳ 80 ಮಂದಿಯನ್ನು ಎರಡು ಪಾಲು ಮಾಡಿದರು. ಎರಡು ಪಾಲಿನವರ ಸಂಗಡವೂ ಸಮನಾಗಿ ಮಾತಾಡಿದರು. ಒಂದು ಪಾಲಿನವರಿಗೆ ಮಾತ್ರ ಮಾತ್ರೆಗಳನ್ನು ಕೊಟ್ಟು, "ಇದರಲ್ಲಿ ಔಷಧವೇನೂ ಇಲ್ಲ, ಆದರೂ ಇಂಥಾ ಮಾತ್ರೆಯಿಂದ ಕೆಲವರಿಗೆ ಶರೀರವು ತಾನಾಗಿಯೇ ಸುಧಾರಿಸುವದುಂಟು" ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಮೂರು ವಾರಗಳಾದ ಮೇಲೆ ಮಾತ್ರೆಯವರಲ್ಲಿ ನೂರಕ್ಕೆ 59 ಮಂದಿಯೂ, ಮಾತ್ರೆಯಿಲ್ಲದವರಲ್ಲಿ ನೂರಕ್ಕೆ 35 ಮಂದಿಯೂ ತಕ್ಕಷ್ಟು ಉಪಶಮನವಾಯಿತೆಂದು ಹೇಳಿದರು. ರೋಗಿಗೆ ಒಳ್ಳೇದಾಗಬೇಕಾದರೆ ಮೋಸಮಾಡಲೇ ಬೇಕೆಂದು ಬಹುಕಾಲದಿಂದ ಎಣಿಸಿದ್ದರು. ಸತ್ಯವನ್ನು ಹೇಳಿಯೂ, ಆದರದಿಂದ ಕೇಳಿಯೂ ನೋವನ್ನು ಇಳಿಸಬಹುದೆಂಬದು ಇಲ್ಲಿ ತಿಳಿದುಬಂತು.

ಸುಳ್ಳು ಮಾತಿನಿಂದ ಒಂದು ಕರುಳು ಬಿಗಿಯಿತು. ಸತ್ಯವಾದ ಮಾತಿನ ಸಂಗಡ ಅನೇಕರಿಗೆ ಹಗುರವಾಯಿತು. ಮನೆಯಲ್ಲಿ ನಾವಾಡುವ ಮಾತು ಇವುಗಳಲ್ಲಿ ಯಾವದಕ್ಕೆ ಸೇರಿದ್ದು? ಅತ್ತೆಯು "ನಿನಗೆ ಬಂದದ್ದೇನು?" ಎನ್ನುವ ಬದಲಾಗಿ, "ಮಗಳೇ, ಪ್ರಾಣಕ್ಕೆ ಭಯವಿಲ್ಲವಂತೆ, ಆದರೆ ನೋವು ಮಾತ್ರ ನಿಜವೇ; ಈ ಹೊತ್ತು ನೀರು ನಾನು ತರುತ್ತೇನೆ" ಎಂದಿದ್ದರೆ, ಅದು ಸುಳ್ಳೂ ಆಗುತ್ತಿರಲಿಲ್ಲ, ಖರ್ಚೂ ಆಗುತ್ತಿರಲಿಲ್ಲ.

ಎಚ್ಚರಿಕೆಯ ಮಾತೊಂದು ಇಲ್ಲಿ ಅವಶ್ಯ. ಔಷಧವಿಲ್ಲದ ಮಾತ್ರೆಯು ನೋವಿನ ಭಾರವನ್ನು ಇಳಿಸಿತೆಂದು ಕೇಳಿ, ಒತ್ತಡಕ್ಕೂ ಒಳ್ಳೇ ಮಾತೇ ಸಾಕೆಂದು ಯಾರೂ ತಿಳಿಯಬಾರದು. ಮೌನವಾದ ರೋಗವು ಸಮಾಧಾನದ ಮಾತಿಗೆ ಕಿವಿಗೊಡುವದಿಲ್ಲ. ಅದಕ್ಕೆ ನಿಜವಾದ ಔಷಧವೇ ದಿನಾಲು ಬೇಕು. ಅಳತೆಯು ಸರಿಯಾಯಿತೆಂದು ಮಾತ್ರೆಯನ್ನು ಬಿಡುವವನು, ಮನೆ ಸೋರುವದು ನಿಂತಿತೆಂದು ಹೆಂಚನ್ನು ತೆಗೆದುಹಾಕುವವನಿಗೆ ಸಮಾನನು. ಸರ್ಪಗಂಧದ ಬೇರನ್ನು ತಾನೇ ಕಿತ್ತು ಅರೆದು ಕುಡಿಯುವದೂ ಸಲ್ಲದು. ಅದು ಮನಸ್ಸನ್ನು ಕುಗ್ಗಿಸುವ ಗುಣವುಳ್ಳದ್ದು.

ದಿನಾಲು ಔಷಧ ತೆಗೆದುಕೊಳ್ಳುವದು ನಂಬಿಕೆಯ ಕೊರತೆಯೆಂದು ಕೆಲವರು ಹೇಳುವದನ್ನು ನಾವು ಬಲ್ಲೆವು. ತಿಮೊಥೆಯನ ಹೊಟ್ಟೆಯು ಪದೇ ಪದೇ ಕೆಡುತ್ತಿದ್ದಾಗ ಪೌಲನು ಅವನ ನಂಬಿಕೆಯನ್ನು ಆಕ್ಷೇಪಿಸಲಿಲ್ಲ, ಅಂದಿನ ಕಾಲದ ಮದ್ದನ್ನೇ ತಿಳಿಸಿದನೆಂಬದನ್ನು ಅವರು ಜ್ಞಾಪಕಮಾಡಿಕೊಳ್ಳಲಿ. ತಾಳ್ಮೆಯೆಂದರೆ ಏನೂ ಮಾಡದೆ ಕೂತಿರುವದಲ್ಲ. ಬೇಸರವಾದರೂ ಮಾಡತಕ್ಕದ್ದನ್ನು ದಿನಾಲು ಮಾಡುತ್ತಿರುವದೇ ತಾಳ್ಮೆ. ಯಾರೂ ನೋಡದ, ಯಾರೂ ಹೊಗಳದ, ತನಗೇ ಅನುಭವಕ್ಕೆ ಬಾರದ ಪ್ರಯೋಜನಕ್ಕಾಗಿ ಮುಂಜಾನೆ ಒಂದು ಮಾತ್ರೆಯನ್ನು ನುಂಗುವವನು ಕಾಣದ್ದಕ್ಕಾಗಿ ನಂಬಿಗಸ್ತನಾಗಿ ನಡೆಯುತ್ತಾನೆ.

ಈಗ ಅಕ್ಕನ ಬಳಿಗೆ ತಿರುಗಿ ಹೋಗೋಣ. ಆಕೆಯ ತಪ್ಪು ಯಾವದು? ಮಾತ್ರೆಯಿಂದ ಹೊಟ್ಟೆ ಕೆಟ್ಟಿತೆಂದು ಸಂಶಯಪಟ್ಟದ್ದು ತಪ್ಪಲ್ಲ. ಒತ್ತಡದ ಔಷಧಗಳಲ್ಲಿ ಕೆಲವು ಕರುಳನ್ನು ಬದಲಾಯಿಸುವದು ನಿಜ. ವೆರಪಮಿಲ್ ಎಂಬದು ಮಲಬದ್ಧತೆಯನ್ನು ತರುವದು ವೈದ್ಯರಿಗೆಲ್ಲಾ ಗೊತ್ತು. ಯಾರನ್ನೂ ಕೇಳದೆ ನಿಲ್ಲಿಸಿದ್ದೇ ತಪ್ಪು. ಆಕೆಯು ಹೋಗಿ, "ನನಗೆ ಈ ರೋಗವೂ ಉಂಟು, ಆ ರೋಗವೂ ಉಂಟು" ಎಂದು ಎರಡನ್ನೂ ಹೇಳಿದ್ದರೆ ವೈದ್ಯನು ಮಾತ್ರೆಯನ್ನು ಬದಲಾಯಿಸುತ್ತಿದ್ದನು. ಯಾಕಂದರೆ ಒತ್ತಡಕ್ಕೆ ಮಾತ್ರೆ ಒಂದೇ ಅಲ್ಲ, ಹಲವುಂಟು. ಬಹಳ ಭೇದಿಯಾದ ದಿನ ಮಾತ್ರೆಯನ್ನು ಏನು ಮಾಡಬೇಕೆಂದು ಮುಂಚಿತವಾಗಿಯೇ ಕೇಳಿಟ್ಟುಕೊಳ್ಳಬೇಕು. ಅಂಗಡಿಯ ನೋವಿನ ಮಾತ್ರೆಗಳಲ್ಲಿ ಕೆಲವು ಒತ್ತಡವನ್ನು ಏರಿಸುತ್ತವೆ; ಅವನ್ನು ತಾನಾಗಿ ನುಂಗಬಾರದು. ಹೊಟ್ಟೆಗೆ ಕೆಲವರಿಗೆ ಇಸಬಗೋಲು ಒಳ್ಳೇದಾಗುತ್ತದೆ. ಹೊತ್ತಿಗೆ ಸರಿಯಾದ ಊಟವೂ ನಿದ್ರೆಯೂ ಎರಡು ರೋಗಗಳಿಗೂ ಹಿತ. ಆದರೆ ಮಲದಲ್ಲಿ ರಕ್ತ ಬಂದರೆ, ಶರೀರವು ಕಾರಣವಿಲ್ಲದೆ ಇಳಿದುಹೋದರೆ, ಜ್ವರ ಬಂದರೆ, ನಿದ್ರೆಯಿಂದ ಎಬ್ಬಿಸುವಷ್ಟು ಹೊಟ್ಟೆಯು ಕೆಟ್ಟರೆ, ಇದು ಹಳೇ ರೋಗವೇ ಎಂದು ಸುಮ್ಮನಿರದೆ ಬೇಗ ತೋರಿಸಬೇಕು.

ಇಷ್ಟರಿಂದ ನಮ್ಮ ಮೊದಲಿನ ಪ್ರಶ್ನೆಗೆ ಉತ್ತರವು ದೊರಕುತ್ತದೆ. ಶರೀರವು ಸುಳ್ಳು ಹೇಳುವದಿಲ್ಲ, ಆದರೆ ಎಲ್ಲವನ್ನೂ ಹೇಳುವದೂ ಇಲ್ಲ. ಅದರ ನೋವನ್ನು ನಂಬಬೇಕು, ಅದರ ಮೌನವನ್ನು ಪರೀಕ್ಷಿಸಬೇಕು. ನೆರೆಯವರ ವಿಷಯದಲ್ಲಿಯೂ ಹೀಗೆಯೇ. ಪದೇ ಪದೇ ನರಳುವವನನ್ನು ನಾವು ಬೇಸರದಿಂದ ತಳ್ಳಿಬಿಡುತ್ತೇವೆ. ಏನೂ ಹೇಳದವನು ಸುಖವಾಗಿದ್ದಾನೆಂದು ವಿಚಾರಿಸದೆ ಬಿಡುತ್ತೇವೆ. ಮೊದಲನೆಯವನ ಬಳಿಯಲ್ಲಿ ಸ್ವಲ್ಪ ಹೊತ್ತು ಕೂತು ಕೇಳೋಣ; ಎರಡನೆಯವನ ಬಾಗಿಲಿಗೆ ನಾವೇ ಹೋಗಿ ಕೇಳೋಣ.

ಮುಂದಿನ ಸಾರಿ ನರ್ಸಮ್ಮನು ಪಟ್ಟಿಯನ್ನು ಹಿಡಿದುಕೊಂಡು ಬಂದಾಗ, ನಮಗೇನೂ ಇಲ್ಲವೆಂದು ಹೇಳದೆ ತೋಳನ್ನು ಚಾಚೋಣ. ಬಾಗಿಲ ಬಳಿಯಲ್ಲಿ ಕೂತುಕೊಳ್ಳುವ ಸಹೋದರಿಯನ್ನು ನೋಡಿ ನಗದೆ, ಆ ಸ್ಥಳವನ್ನು ಆಕೆಗೆ ತೆರವಾಗಿ ಬಿಡೋಣ. ಯಾರ ಮನೆಯ ಗೂಡಿನಲ್ಲಾದರೂ ಮಾತ್ರೆಯು ಧೂಳು ಹಿಡಿದಿದ್ದರೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ನಾಳೆಯೇ ಆಸ್ಪತ್ರೆಗೆ ಹೋಗಲಿ. ಒಬ್ಬಳೇ ಹೋಗಲು ಭಯಪಡುವವಳ ಸಂಗಡ ನಮ್ಮಲ್ಲಿ ಒಬ್ಬರು ಬಸ್ಸು ಹತ್ತಲಿ.